ಹೆಣೆದದ್ದನ್ನೆಲ್ಲ ಬಿಚ್ಚಿಹಾಕುವ ನನಗೆ ಕ್ರೋಶಾದಿಂದ ಆತ್ಮವಿಶ್ವಾಸ ಬರುವುದುಂಟೇ?

ಪ್ರಶ್ನೆ: ಹೊಸ ಕಡ್ಡಿ, ಸೋಮವಾರಪೇಟೆ

ಎಲ್ಲರಿಗೂ ನಮಸ್ಕಾರ. ಒಂದು ಖಾಸಗಿ ಕಚೇರಿಯಲ್ಲಿ ಆರು ವರ್ಷ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ನಾನು ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಈಗ ಅವಳಿಗೆ ಐದು ವರ್ಷ. ಈ ನಡುವೆ ನನಗೆ ಏನಾಯಿತೋ ತಿಳಿಯದು, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಓದಿ ಹೇಳಬೇಕಾದರೂ ಬಾಯಿ ಒಣಗುತ್ತದೆ. ಕೂಡಿಸಿದ್ದು ಸರಿಯಿದೆ ಎಂದು ಗೊತ್ತಿದ್ದರೂ ಪುಸ್ತಕವನ್ನು ಪಕ್ಕದವರ ಕೈಗೆ ಕೊಟ್ಟುಬಿಡುತ್ತೇನೆ.

ಕೈಕೆಲಸ ಮಾಡಿದರೆ ಧೈರ್ಯ ಬರುತ್ತದೆ ಎಂದು ನಾದಿನಿ ಹೇಳಿದ್ದರಿಂದ ಈ ಮಳೆಗಾಲದಲ್ಲಿ ತುದಿಯಲ್ಲಿ ಕೊಕ್ಕೆಯಿರುವ ಒಂದು ಕ್ರೋಶಾ ಕಡ್ಡಿಯನ್ನೂ, ಕೊಳೆ ಕಾಣದಿರಲೆಂದು ಕಡುನೀಲಿ ಬಣ್ಣದ ಉಲ್ಲನ್ನನ್ನೂ ತಂದೆ. ಶಾಲು ಆಗಬೇಕಾದದ್ದು ಮೇಲೆ ಹೋದಂತೆ ಕಿರಿದಾಗಿ ತ್ರಿಕೋನವಾಗುತ್ತಿದೆ. ಮೊದಲ ಸಾಲಿನಲ್ಲಿ 30 ಕಂಬಗಳು (ನೆಟ್ಟಗೆ ನಿಲ್ಲುವ ಉದ್ದನೆಯ ಹೆಣಿಗೆಗಳು) ಇದ್ದವು, ಒಂಬತ್ತನೆಯ ಸಾಲಿಗೆ ಬರುವಾಗ 22 ಉಳಿದಿವೆ. ಇದುವರೆಗೆ ನಾಲ್ಕು ಬಾರಿ ಪೂರ್ತಿ ಬಿಚ್ಚಿದ್ದೇನೆ, ಪ್ರತಿ ಬಾರಿಯೂ ಇದೇ ಕಥೆ. ಹೀಗಿರುವಾಗ ಇದರಿಂದ ಇದ್ದ ಆತ್ಮವಿಶ್ವಾಸವೂ ಹೋಗುವುದಿಲ್ಲವೇ? ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಶಿಕ್ಷಕಿ, ವಿರಾಜಪೇಟೆ

ತಂಗಿ, ನೀವು ಕೊಟ್ಟಿರುವ ಲೆಕ್ಕದಲ್ಲಿಯೇ ಉತ್ತರವಿದೆ. ಮೊದಲ ಸಾಲಿನ ನಂತರದ ಎಂಟು ಸಾಲುಗಳಲ್ಲಿ ಸರಿಯಾಗಿ ಎಂಟು ಕಂಬಗಳು ಕಳೆದಿವೆ. ಕೈ ಬಾರದವರ ತಪ್ಪು ಹೀಗೆ ಸಾಲಿಗೊಂದರಂತೆ ಬರುವುದಿಲ್ಲ, ಅದು ಎಲ್ಲೆಂದರಲ್ಲಿ ಬರುತ್ತದೆ. ನೀವು ಒಂದೇ ತಪ್ಪನ್ನು ಎಂಟು ಸಾರಿ ನಿಷ್ಠೆಯಿಂದ ಮಾಡಿದ್ದೀರಿ, ಅಷ್ಟೇ.

ಸಾಲಿನ ಕೊನೆಗೆ ಬಂದು ತಿರುಗಿಸಿದಾಗ ನಾವು ಮೂರು ಸರಪಳಿ ಕೊಂಡಿ ಹಾಕುತ್ತೇವಲ್ಲ, ಆ ಮೂರೂ ಸೇರಿ ಹೊಸ ಸಾಲಿನ ಮೊದಲ ಕಂಬವೆಂದು ಲೆಕ್ಕ. ಹಿಂತಿರುಗಿ ಬರುವಾಗ ಸಾಲಿನ ಕಟ್ಟಕಡೆಯ ಕಂಬವನ್ನು ಆ ಸರಪಳಿಯ ತುದಿಯಲ್ಲಿ, ಅಂದರೆ ಮೂರನೆಯ ಕೊಂಡಿಯಲ್ಲಿ, ಹಾಕಬೇಕು. ಆ ಸರಪಳಿ ಉಳಿದ ಕಂಬಗಳಂತೆ ಕಾಣದೆ ಅಂಚಿಗೆ ಅಂಟಿಕೊಂಡು ಓರೆಯಾಗಿರುವುದರಿಂದ ಹೊಸಬರ ಕಣ್ಣು ಅದನ್ನು ದಾಟಿಬಿಡುತ್ತದೆ. ತಿರುಗಿಸುವಾಗ ಮೂರನೆಯ ಕೊಂಡಿಗೆ ಕೆಂಪು ದಾರದ ಒಂದು ತುಂಡನ್ನು ಕಟ್ಟಿಡಿ; ಹಿಂತಿರುಗಿ ಬಂದಾಗ ಆ ಕೆಂಪು ದಾರವೇ ಜಾಗ ತೋರಿಸುತ್ತದೆ. ಇನ್ನೊಂದು ಮಾತು: ಕರೆಂಟು ಹೋದ ಸಂಜೆ ಎಮರ್ಜೆನ್ಸಿ ಲ್ಯಾಂಪಿನ ಬೆಳಕಿನಲ್ಲಿ ಕಡುನೀಲಿ ಉಲ್ಲನ್ನಿನ ಕೊಂಡಿಗಳು ನಲವತ್ತು ವರ್ಷ ಹೆಣೆದ ನನಗೂ ಕಾಣುವುದಿಲ್ಲ. ಕಲಿಯುವಷ್ಟು ದಿನ ಕೆನೆಬಣ್ಣ ಅಥವಾ ತಿಳಿಹಳದಿ ಬಳಸಿ, ಕೊಳೆಯಾದರೆ ತೊಳೆದರಾಯಿತು.

ಆತ್ಮವಿಶ್ವಾಸದ ಪ್ರಶ್ನೆಗೆ ಬರುತ್ತೇನೆ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ, ಒಂದು ಕೆಲಸ ತನ್ನಿಂದ ಆಗುತ್ತದೆ ಎಂಬ ನಂಬಿಕೆಗೆ ನಾಲ್ಕು ಮೂಲಗಳನ್ನು ಗುರುತಿಸಿದರು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು ಮತ್ತು ಆ ಹೊತ್ತಿನ ದೇಹ-ಮನಸ್ಸಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಅತ್ಯಂತ ಬಲವಾದದ್ದು ಎಂದು ಅವರು ಹೇಳಿದರು, ತರಗತಿಯಲ್ಲಿ ನಾನು ಕಂಡದ್ದೂ ಅದನ್ನೇ. ನಾಲ್ಕು ಬಾರಿ ಬುಡದವರೆಗೆ ಬಿಚ್ಚಿದಾಗ ತಪ್ಪು ಎಲ್ಲಿದೆ ಎಂದು ಹುಡುಕುವ ಅವಕಾಶವೂ ಕೈತಪ್ಪಿತು. ಮುಂದಿನ ಬಾರಿ ಬಿಚ್ಚುವ ಮೊದಲು ಎಣಿಸಿ, ತಪ್ಪಿದ ಸಾಲನ್ನು ಕಂಡುಹಿಡಿದು ಅಲ್ಲಿಯವರೆಗೆ ಮಾತ್ರ ಬಿಚ್ಚಿ. ಕ್ರೋಶಾದಲ್ಲಿ ಕಡ್ಡಿಯ ಮೇಲೆ ಕಟ್ಟಿಕೊಳ್ಳದೆ ತೆರೆದಿರುವುದು ಸಾಮಾನ್ಯವಾಗಿ ಒಂದೇ ಕುಣಿಕೆಯಾದ್ದರಿಂದ ಹೀಗೆ ಹಿಂದೆ ಹೋಗುವುದು ಬಹಳ ಸುಲಭ.

ಉತ್ತರ 2: ಮಾಜಿ ಸೈನಿಕ, ಪೊನ್ನಂಪೇಟೆ

ಟೀಚರ್ ಹೇಳಿದ್ದು ಸರಿ. ನಾನು ಎರಡು ಕಡ್ಡಿಯ ಹೆಣಿಗೆಯವನು, ನಿವೃತ್ತನಾಗಿ ಊರಿಗೆ ಬಂದ ಮೇಲೆ ನನ್ನ ಅತ್ತೆಯವರಿಂದ ಕಲಿತೆ. ನಮ್ಮದರಲ್ಲಿ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ಇರುವುದರಿಂದ ಒಂದು ಜಾರಿದರೆ ಏಣಿಯಂತೆ ಕೆಳಗಿನವರೆಗೂ ಇಳಿಯುತ್ತದೆ. ಆದ ಕಾರಣ ಹತ್ತು ಸಾಲಿಗೊಮ್ಮೆ ಸೂಜಿಯಿಂದ ಒಂದು ನುಣುಪಾದ ಹೊಲಿಗೆದಾರವನ್ನು ಎಲ್ಲ ಕುಣಿಕೆಗಳೊಳಗೆ ತೂರಿಸಿಡುತ್ತೇನೆ. ಏನೇ ಅನಾಹುತವಾದರೂ ಬಿಚ್ಚಿಕೊಳ್ಳುವುದು ಆ ದಾರದವರೆಗೆ ಮಾತ್ರ. ಒಂದು ಬೇಡದ ಚಿಗುರಿಗಾಗಿ ಕಾಫಿ ಗಿಡವನ್ನೇ ಬುಡಸಮೇತ ಕೀಳುವವರುಂಟೇ ಅಮ್ಮಾ?

ಕಡ್ಡಿ ಕೊಳ್ಳುವವರಿಗೊಂದು ಮಾತು. ನಮ್ಮಲ್ಲಿ ಹಳೆಯ ನಂಬರಿನ ಹೆಣಿಗೆ ಕಡ್ಡಿಗಳು ಈಗಲೂ ಸಿಗುತ್ತವೆ, ಅವುಗಳಲ್ಲಿ ನಂಬರು ದೊಡ್ಡದಾದಷ್ಟೂ ಕಡ್ಡಿ ಸಣ್ಣ: 8ನೇ ನಂಬರು 4 ಮಿಲಿಮೀಟರ್, 10ನೇ ನಂಬರು 3.25 ಮಿಲಿಮೀಟರ್. ಇದನ್ನರಿಯದೆ ನನ್ನ ಮೊದಲ ಟೊಪ್ಪಿ ಮೊಮ್ಮಗನ ತಲೆಗೂ ಹಿಡಿಸಲಿಲ್ಲ. ಮದುವೆ ಮನೆಯಲ್ಲಿ ನೆಂಟರು ನಕ್ಕರು. ಈಗ ಜನವರಿಯ ಚಳಿಯಲ್ಲಿ ಕಾಫಿ ಕೊಯ್ಲಿಗೆ ಹೊರಡುವಾಗ ಅದೇ ನೆಂಟರು ನಾನು ಹೆಣೆದ ಟೊಪ್ಪಿಗಳನ್ನು ಹಾಕಿಕೊಳ್ಳುತ್ತಾರೆ. ನಕ್ಕದ್ದನ್ನು ಅವರು ಮರೆತಿದ್ದಾರೆ, ನಾನು ಮರೆತಿಲ್ಲ.

ಉತ್ತರ 3: ಉಲ್ಲನ್ ಬುಟ್ಟಿ, ಕುಶಾಲನಗರ

ಅಕ್ಕ, ಹಿರಿಯರಿಬ್ಬರ ಮಾತಿಗೆ ನನ್ನದೊಂದು ಸಣ್ಣ ತಕರಾರಿದೆ. ತಪ್ಪು ತಿದ್ದುವುದನ್ನು ಒಬ್ಬರೇ ಕೋಣೆಯಲ್ಲಿ ಕುಳಿತು ಕಲಿತರೆ ಕೈಗೆ ಧೈರ್ಯ ಬರಬಹುದು, ಆದರೆ ಸಭೆಯಲ್ಲಿ ಬಾಯಿ ಒಣಗುವುದು ಅದರಿಂದಲೇ ನಿಲ್ಲುತ್ತದೆ ಎಂದು ನನಗೆ ಅನಿಸುವುದಿಲ್ಲ. ಹೆಣಿಗೆಯನ್ನು ಸಂಘಕ್ಕೇ ತೆಗೆದುಕೊಂಡು ಹೋಗಿ. ಕೈಯಲ್ಲಿ ಕೆಲಸವಿದ್ದಾಗ ಎದುರಿನವರ ಮುಖವನ್ನೇ ನೋಡುತ್ತಿರಬೇಕಾಗಿಲ್ಲ, ಮಾತು ತಾನಾಗಿಯೇ ಬರುತ್ತದೆ. ಯಾರಾದರೂ ‘ಇದು ಹೇಗೆ ಹಾಕಿದಿರಿ’ ಎಂದು ಕೇಳಿದರೆ ಆ ಐದು ನಿಮಿಷ ಗುರು ನೀವೇ.

2013ರಲ್ಲಿ ಬ್ರಿಟನ್ನಿನ ಒಂದು ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಗೆ ಬೇರೆ ಬೇರೆ ದೇಶಗಳ 3,545 ಹೆಣಿಗೆಗಾರರು ಉತ್ತರಿಸಿದ್ದರು, ಹೆಚ್ಚು ಸಲ ಹೆಣೆಯುವವರು ತಮಗೆ ಹೆಚ್ಚು ನೆಮ್ಮದಿಯಿದೆ ಎಂದಿದ್ದರು. ಉತ್ತರ ಕೊಟ್ಟವರೆಲ್ಲ ಮೊದಲೇ ಹೆಣಿಗೆಯನ್ನು ಪ್ರೀತಿಸುವವರು, ಆದ್ದರಿಂದ ಅದನ್ನು ಔಷಧಿಯ ಚೀಟಿಯಂತೆ ಓದಬಾರದು. ವಾರಗಟ್ಟಲೆ ನಿದ್ದೆ ಬಾರದೆ ಯಾರನ್ನೂ ಎದುರಿಸಲಾಗದಂತಾದರೆ ಕಡ್ಡಿಯನ್ನು ಬದಿಗಿಟ್ಟು ವೈದ್ಯರನ್ನು ಕಾಣಿ, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ನಿಮ್ಮದು ಅಷ್ಟು ದೂರ ಹೋಗಿಲ್ಲ ಎಂದು ಭಾವಿಸುತ್ತೇನೆ.

ಈಗಲೇ ಮಾರಾಟಕ್ಕೆ ಇಳಿಯಬೇಡಿ. ನಾನು ಮೊದಲ ವರ್ಷವೇ ಸ್ವೆಟರ್ ಮಾರಲು ಹೋಗಿ, ಹದಿನೈದು ದಿನದ ಕೆಲಸಕ್ಕೆ ಯಂತ್ರದ ಸ್ವೆಟರಿನ ಬೆಲೆಯನ್ನು ಕೇಳಿದ ಗಿರಾಕಿಯೊಬ್ಬರಿಂದಾಗಿ ಆರು ತಿಂಗಳು ಕಡ್ಡಿ ಮುಟ್ಟಲಿಲ್ಲ.

ಪ್ರಶ್ನೆ ಕೇಳಿದವರಿಂದ, ಎರಡು ವಾರಗಳ ನಂತರ

ಮೂವರಿಗೂ ಧನ್ಯವಾದಗಳು. ತಿಳಿಹಳದಿ ಉಲ್ಲನ್ ತಂದು ಕೆಂಪು ದಾರ ಕಟ್ಟಿ ಹಾಕಿದೆ. ಏಳನೆಯ ಸಾಲಿನಲ್ಲಿ 29 ಬಂತು. ಎದೆ ಧಸಕ್ಕೆಂದರೂ ಪೂರ್ತಿ ಬಿಚ್ಚದೆ ಎಣಿಸುತ್ತಾ ಹೋದಾಗ, ಐದನೆಯ ಸಾಲಿನ ನಡುವೆ ಒಂದು ಕಂಬ ಬಿಟ್ಟುಹೋದದ್ದು ಕಂಡಿತು. ಅಲ್ಲಿಯವರೆಗೆ ಮಾತ್ರ ಬಿಚ್ಚಿ ಮತ್ತೆ ಹಾಕಿದ್ದೇನೆ, ಈಗ ಹತ್ತೊಂಬತ್ತು ಸಾಲುಗಳಾಗಿವೆ, 30 ಮೂವತ್ತಾಗಿಯೇ ಉಳಿದಿದೆ. ಕಡುನೀಲಿ ತ್ರಿಕೋನವನ್ನು ಮಗಳು ತನ್ನ ಗೊಂಬೆಗೆ ಶಾಲೆಂದು ಹೊದಿಸಿರುವುದರಿಂದ ಅದನ್ನು ಬಿಚ್ಚಲು ಈಗ ಅವಳ ಒಪ್ಪಿಗೆ ಬೇಕು. ಸಂಘಕ್ಕೆ ಹೆಣಿಗೆಯನ್ನು ಕೊಂಡುಹೋಗಿದ್ದೆ, ಇಬ್ಬರು ಕಲಿಸಿಕೊಡಿ ಎಂದಿದ್ದಾರೆ. ಲೆಕ್ಕದ ಪುಸ್ತಕವನ್ನು ಮಾತ್ರ ಈ ಬಾರಿಯೂ ಪಕ್ಕದವರೇ ಓದಿದರು. ಆದರೆ ಅವರು ಒಂದು ಅಂಕಿಯನ್ನು ತಪ್ಪಾಗಿ ಓದಿದಾಗ, ಕೈಯಲ್ಲಿದ್ದ ಕಂಬವನ್ನು ಮುಗಿಸುತ್ತಲೇ, ಅದು 340 ಅಲ್ಲ 430 ಎಂದು ನಾನು ಹೇಳಿದೆ.

ಮಳೆಯ ತೇವಕ್ಕೆ ಉಲ್ಲನ್ ಮುಗ್ಗಲು ವಾಸನೆ ಹಿಡಿಯದಂತೆ ನೀವೆಲ್ಲ ಹೇಗೆ ಇಡುತ್ತೀರಿ ಎಂಬುದನ್ನೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.