ಅಯೋವಾದ ರೈತ ಹೆಣ್ಣುಮಗಳ ತವರುಮನೆ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ಯಜಮಾನರ ಕಡೆಯವರು ಅಮೆರಿಕದ ಅಯೋವಾದ ರೈತರು. ಅವರ ಮುತ್ತಜ್ಜನ ತಾಯಿ ಮೇರಿ ಅಂತ. ತವರಿನ ಅಡ್ಡಹೆಸರು ಯಾರಿಗೂ ಗೊತ್ತಿಲ್ಲ. ಸಮಾಧಿ ಕಲ್ಲಿನಲ್ಲಿ ಹೀಗಿದೆ: ಮರಣ 10 ಮಾರ್ಚ್ 1904, ವಯಸ್ಸು 61 ವರ್ಷ 7 ತಿಂಗಳು 20 ದಿನ. 1880ರ ಜನಗಣತಿಯಲ್ಲಿ ಹುಟ್ಟಿದ್ದು ಒಹಾಯೊ ಎಂದಿದೆ. ಗಂಡ ಸಿವಿಲ್ ವಾರ್‌ನಲ್ಲಿ (ಅಮೆರಿಕದ ಅಂತರ್ಯುದ್ಧ) ಯೂನಿಯನ್, ಅಂದರೆ ಉತ್ತರದ ಕಡೆಯ ಸೈನಿಕ, ತೀರಿಕೊಂಡಿದ್ದು 1901ರಲ್ಲಿ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಕಲ್ಲಿನ ಲೆಕ್ಕ. 1904ರಿಂದ 61 ವರ್ಷ ಕಳೆದರೆ 10 ಮಾರ್ಚ್ 1843. ಏಳು ತಿಂಗಳು ಹಿಂದೆ 10 ಆಗಸ್ಟ್ 1842. ಇಪ್ಪತ್ತು ದಿನ ಹಿಂದೆ 21 ಜುಲೈ 1842. ಒಂದೆರಡು ದಿನ ಆಚೀಚೆ ಇಟ್ಟುಕೊಳ್ಳಿ. ಆಗಿನ ಜನಗಣತಿಯಲ್ಲಿ ಜೂನ್ 1ಕ್ಕೆ ಇದ್ದ ವಯಸ್ಸು ಬರೆಯಬೇಕಿತ್ತು. ಹಾಗಾಗಿ ಆಕೆ 1850ರಲ್ಲಿ 7, 1860ರಲ್ಲಿ 17. 8, 18 ಎಂದು ಹುಡುಕಿದರೆ ತಪ್ಪಿಹೋಗಬಹುದು. ಆದರೆ 1850ರ ಒಹಾಯೊದಿಂದ ಶುರು ಮಾಡಬೇಡಿ, ಏಳು ವರ್ಷದ ಮೇರಿಯರು ಅಲ್ಲಿ ಲೆಕ್ಕವಿಲ್ಲದಷ್ಟು ಸಿಗುತ್ತಾರೆ. 1900ರ ಪುಟ ತೆಗೆಯಿರಿ: ಹುಟ್ಟಿದ ತಿಂಗಳು, ಮದುವೆಯಾಗಿ ಎಷ್ಟು ವರ್ಷ, ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು, ಎಲ್ಲ ಇದೆ. ಮದುವೆ ವರ್ಷ ಸಿಕ್ಕಿದ ಮೇಲೆ 1860ರಲ್ಲಿ ಗಂಡನ ಮನೆಯವರಿದ್ದ ಪುಟದ ಹಿಂದೆ ಮುಂದೆ ಹತ್ತು ಪುಟ ಓದಿ. ಒಹಾಯೊದಲ್ಲಿ ಹುಟ್ಟಿದ 17ರ ಮೇರಿ ಇರುವ ಮನೆಗಳೆಲ್ಲ ನಿಮ್ಮ ಪಟ್ಟಿಗೆ. ಮದುವೆ ಹೆಚ್ಚಾಗಿ ಹೆಣ್ಣಿನ ಕೌಂಟಿಯಲ್ಲೇ (ನಮ್ಮ ಜಿಲ್ಲೆಯಂಥದ್ದು) ಆಗುತ್ತಿತ್ತು, ಅಲ್ಲಿನ ರಿಜಿಸ್ಟರ್ ನೋಡಿ. 1890ರ ಜನಗಣತಿ ಕೇಳಲೇಬೇಡಿ, 1921ರ ಬೆಂಕಿಯ ನಂತರ ಉಳಿದಿದ್ದು ಚೂರುಪಾರು.

ಮೇಲಿನದಕ್ಕೆ ಸೇರಿಸುವುದು: 1880ರಲ್ಲಿ "ಮಗ", "ಮಗಳು" ಎಂದಿರುವುದು ಮನೆಯ ಯಜಮಾನನ ಜೊತೆಗಿನ ಸಂಬಂಧ. ಮಕ್ಕಳು ಮೇರಿಯವೇ ಎಂದು ಅದು ಹೇಳುವುದಿಲ್ಲ, ಮೊದಲ ಹೆಂಡತಿಯವೂ ಇರಬಹುದು. 1900ರ ಮದುವೆ ವರ್ಷವನ್ನು ದೊಡ್ಡ ಮಗುವಿನ ವಯಸ್ಸಿನ ಜೊತೆ ತಾಳೆ ಹಾಕಿ. ಮಗು ಮದುವೆಗಿಂತ ದೊಡ್ಡದಾದರೆ ಅಲ್ಲೇ ನಿಲ್ಲಿ.

ಇನ್ನೊಂದು ಉತ್ತರ: ನನ್ನ ಮತ ಪಿಂಚಣಿ ಫೈಲಿಗೆ. 1890ರ ಜೂನ್ 27ರ ಕಾಯ್ದೆ ಪ್ರಕಾರ, 90 ದಿನ ಸೇವೆ ಮಾಡಿದ ಸೈನಿಕ ಯುದ್ಧದ ಗಾಯದಿಂದ ಸಾಯದಿದ್ದರೂ ಬಡ ವಿಧವೆ ಪಿಂಚಣಿ ಕೇಳಬಹುದಿತ್ತು. ಕೇಳಲು ಮದುವೆ ಸಾಬೀತು ಮಾಡಬೇಕು. ಸರ್ಟಿಫಿಕೇಟ್ ಇಲ್ಲದವರು ಮದುವೆ ನೋಡಿದವರ ಪ್ರಮಾಣಪತ್ರ ಕೊಡುತ್ತಿದ್ದರು. ಮನೆಯ ಬೈಬಲ್‌ನಿಂದ ಕಿತ್ತ ಹಾಳೆಗಳೂ ಕೆಲವು ಫೈಲುಗಳಲ್ಲಿವೆ. ಅದಕ್ಕಿಂತ ಮುಖ್ಯ, ಪಿಂಚಣಿ ಇಲಾಖೆ 1898ರಲ್ಲಿ ಸೈನಿಕರಿಗೆ ಕಳಿಸಿದ ಪ್ರಶ್ನಾವಳಿಯಲ್ಲಿ "ಹೆಂಡತಿಯ ಪೂರ್ತಿ ಹೆಸರು, ತವರಿನ ಹೆಸರು" ಎಂದೇ ಕೇಳಿದೆ. ನಿಮ್ಮವರು ಆಗ ಬದುಕಿದ್ದರಲ್ಲ! ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ಗೆ ಬರೆಯುವಾಗ ಪಿಂಚಣಿಯ ಇಂಡೆಕ್ಸ್ (ಹೆಸರುಪಟ್ಟಿ) ಕಾರ್ಡಿನಲ್ಲಿರುವ ಸೈನಿಕನ ನಂಬರು, ವಿಧವೆಯ ನಂಬರು ಎರಡನ್ನೂ ಹಾಕಿ, "ಪೂರ್ತಿ ಫೈಲ್" ಎಂದು ಸ್ಪಷ್ಟವಾಗಿ ಕೇಳಿ. ಆಯ್ದ ಪುಟ ತರಿಸಿಕೊಂಡರೆ ಈ ಪ್ರಶ್ನಾವಳಿಯ ಹಾಳೆಯೇ ಬಿಟ್ಟುಹೋಗಬಹುದು.

ಮತ್ತೊಂದು: ಜಮೀನಿನ ಕಾಗದ ಮರೆಯಬೇಡಿ. ಗಂಡ ಹೊಲ ಮಾರುವಾಗ ಹೆಂಡತಿ ತನ್ನ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಬೇಕಿತ್ತು, ಆದರೆ ಅದರಲ್ಲಿ ಮೇರಿ ಎಂದಷ್ಟೇ ಸಿಗುತ್ತದೆ. ನಿಮಗೆ ಬೇಕಾದ್ದು ಆಕೆಯ ಅಪ್ಪ ಸತ್ತ ಮೇಲೆ ಮಕ್ಕಳೆಲ್ಲ ಸೇರಿ ಮಾಡಿದ ಕ್ವಿಟ್‌ಕ್ಲೈಮ್ ಪತ್ರ, ಅಂದರೆ ಜಮೀನಿನ ಹಕ್ಕು ಬಿಟ್ಟುಕೊಟ್ಟ ಪತ್ರ. ಅದರಲ್ಲಿ ಹೆಣ್ಣುಮಕ್ಕಳ ಹೆಸರಿನ ಪಕ್ಕ ಅಳಿಯಂದಿರ ಹೆಸರೂ ಇರುತ್ತದೆ. ತೊಡಕು ಇಂಡೆಕ್ಸಿನಲ್ಲಿ: ಮೊದಲ ವಾರಸುದಾರನ ಹೆಸರು ಬರೆದು, ಉಳಿದವರನ್ನು "ಎಟ್ ಆಲ್" (ಮತ್ತು ಇತರರು) ಎಂದು ಮುಗಿಸಿರುತ್ತಾರೆ. ಮೇರಿ ಹೆಸರಲ್ಲಿ ಹುಡುಕಿದರೆ ಸಿಗದು. ಮೊದಲ ಉತ್ತರದಲ್ಲಿ ಹೇಳಿದ ಪಟ್ಟಿಯ ಒಂದೊಂದು ಮನೆತನದ ಹೆಸರಲ್ಲೂ, ಮಾರಿದವರ ಇಂಡೆಕ್ಸ್ ತೆಗೆದು ಮೂಲಪತ್ರ ಓದಬೇಕು.

ಕೊನೆಯದಾಗಿ: ಇಷ್ಟೆಲ್ಲ ಕಷ್ಟಪಡುವ ಮೊದಲು, ಮೇರಿಯ ಮಕ್ಕಳಲ್ಲಿ ಯಾರಾದರೂ 1925ರಲ್ಲಿ ಅಯೋವಾದಲ್ಲೇ ಇದ್ದರಾ? ಆ ವರ್ಷದ ರಾಜ್ಯ ಜನಗಣತಿಯಲ್ಲಿ ಪ್ರತಿಯೊಬ್ಬರ ತಾಯಿಯ ತವರಿನ ಹೆಸರು, ತಂದೆತಾಯಿ ಮದುವೆಯಾದ ಜಾಗ ಕೇಳಿದ್ದಾರೆ. ವಂಶಾವಳಿ ಹುಡುಕುವ ಜಾಲತಾಣ ಫ್ಯಾಮಿಲಿಸರ್ಚ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮಾಹಿತಿ ಕೊಟ್ಟವರು ಸೊಸೆಯಾಗಿದ್ದರೆ ತಪ್ಪಿರಬಹುದು; ಇಬ್ಬರು ಮೂವರು ಮಕ್ಕಳ ಪುಟ ತೆಗೆದು ಹೋಲಿಸಿ. ಪಿಂಚಣಿ ಫೈಲಿಗೆ ದುಡ್ಡು ಕಟ್ಟುವುದು ಆಮೇಲೆ.