ಮೂವರ ತಂಡ, ಗುಡ್ಡದ ಮೌಂಟೇನ್ ಬೈಕ್ ರೇಸ್: ಒಬ್ಬ ಹಿಂದೆ ಬೀಳುತ್ತಾನೆ, ಏನು ಮಾಡೋದು?

ಪ್ರಶ್ನೆ, ದಾವಣಗೆರೆಯಿಂದ

ನಾವು ಮೂವರು ಗೆಳೆಯರು ಹವ್ಯಾಸಿಗಳ ಮೌಂಟೇನ್ ಬೈಕ್ ರೇಸಿಗೆ ತಂಡವಾಗಿ ಹೆಸರು ಕೊಟ್ಟಿದ್ದೇವೆ. ಸುಮಾರು 40 ಕಿ.ಮೀ., ಪೂರ್ತಿ ಮಣ್ಣು, ಕಲ್ಲು, ಗುಡ್ಡ. ಮೂರನೆಯವರು ಗೆರೆ ದಾಟಿದಾಗಿನ ಸಮಯವೇ ತಂಡದ ಸಮಯ. ಇಬ್ಬರು ಪರವಾಗಿಲ್ಲ, ಇನ್ನೊಬ್ಬ ಏರು ಬಂದರೆ ಸಾಕು, ಹಿಂದೆ ಬೀಳುತ್ತಾನೆ. ನಮ್ಮ ತಯಾರಿಯೆಲ್ಲ ಭದ್ರಾ ನಾಲೆಯ ಏರಿ ಮೇಲೆ. ಇಂಥ ರೇಸ್ ಓಡಿಸಿದವರು ಸ್ವಲ್ಪ ಹೇಳಿ.

ಚಿತ್ರದುರ್ಗದಿಂದ

ನಿಯಮ ನೀವೇ ಬರೆದಿದ್ದೀರಿ: ಮೂರನೆಯವರ ಸಮಯವೇ ತಂಡದ್ದು. ಹಾಗಾದರೆ ಗಟ್ಟಿ ಇರುವ ಇಬ್ಬರು ಮುಂದೆ ಹೋಗಿ ಗುಡ್ಡದ ಮೇಲೆ ಕಾಯುತ್ತಾ ನಿಂತರೆ ಏನು ಲಾಭ? ಹಿಂದಿನವನು ಅವರನ್ನು ನೋಡಿ ಜಾಸ್ತಿ ತುಳಿಯುತ್ತಾನೆ, ಸುಸ್ತಾಗುತ್ತಾನೆ, ಮುಂದಿನ ಏರಿನಲ್ಲಿ ಇನ್ನೂ ನಿಧಾನವಾಗುತ್ತಾನೆ. ಅವನು ಬಂದು ಸೇರಿದ ಕೂಡಲೇ ಇವರಿಬ್ಬರು ಹೊರಟುಬಿಡುತ್ತಾರೆ. ಇವರಿಗೆ ವಿಶ್ರಾಂತಿ ಸಿಕ್ಕಿರುತ್ತದೆ, ಅವನಿಗೆ ಸಿಕ್ಕಿರುವುದಿಲ್ಲ. ಹೆಚ್ಚಿನ ತಂಡಗಳು ಸೋಲುವುದು ಇಲ್ಲೇ.

ಏರಿನಲ್ಲಿ ಅವನನ್ನೇ ಮುಂದೆ ಬಿಡಿ. ವೇಗ ಅವನದು. ಮಾತಾಡಲು ಉಸಿರು ಉಳಿಯಬೇಕು, ಅಷ್ಟೇ ತುಳಿಯಲಿ. ಅವನ ನೀರು, ಟೂಲ್ಸು ಗಟ್ಟಿಯವರ ಬೆನ್ನಿಗೆ ಹೋಗಲಿ. ಬಯಲಿಗೆ ಬಂದ ಮೇಲೆ ಅದಲುಬದಲು: ಗಟ್ಟಿಯವರು ಗಾಳಿಗೆ ಎದೆ ಕೊಡಲಿ, ಅವನು ಹಿಂದಿನ ಚಕ್ರಕ್ಕೆ ಅಂಟಿಕೊಂಡು ಬರಲಿ. ನಮ್ಮ ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಮಳೆಗಾಲದ ಎದುರುಗಾಳಿಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗುವುದಕ್ಕೂ ಒಬ್ಬೊಬ್ಬರೇ ಹೋಗುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಒಂದು ದಿನ ಓಡಿಸಿದರೆ ಗೊತ್ತಾಗುತ್ತದೆ.

ದಕ್ಷಿಣ ಆಫ್ರಿಕಾದಲ್ಲಿ 2004ರಿಂದ ನಡೆಯುವ ಕೇಪ್ ಎಪಿಕ್ ರೇಸಿನಲ್ಲಿ ಇಬ್ಬರ ತಂಡ ಇರುತ್ತದೆ. ಜೊತೆಗಾರರ ನಡುವೆ ಎರಡು ನಿಮಿಷಕ್ಕಿಂತ ಜಾಸ್ತಿ ಅಂತರ ಬಂದರೆ ದಂಡ. ನಿಮ್ಮ ರೇಸಿನಲ್ಲಿ ಅಂಥ ನಿಯಮ ಇಲ್ಲದಿದ್ದರೂ ನೀವೇ ಒಂದು ಹಾಕಿಕೊಳ್ಳಿ. ಎರಡು ನಿಮಿಷವೂ ಬೇಡ, ಕೂಗಿದರೆ ಕೇಳುವಷ್ಟು ದೂರ ಸಾಕು. ಬೆನ್ನಿಗೆ ಕೈ ಕೊಟ್ಟು ತಳ್ಳಬಹುದಾ ಅಂತ ಆಯೋಜಕರನ್ನು ಮೊದಲೇ ಕೇಳಿ. ಬಿಡುವುದಾದರೆ ಅದನ್ನೂ ಅಭ್ಯಾಸ ಮಾಡಬೇಕು, ಇಲ್ಲದಿದ್ದರೆ ಇಬ್ಬರೂ ಬೀಳುತ್ತೀರಿ.

ಇನ್ನು ನಾಲೆ ಏರಿ. ಉಸಿರು ಬೆಳೆಸಲು ಒಳ್ಳೆಯ ಜಾಗ, ಬೇಡ ಅನ್ನಲ್ಲ. ಆದರೆ ದಾರಿ ಸಮತಟ್ಟು, ಅಲ್ಲಿ ಗೇರ್ ಬದಲಿಸುವ ಕೆಲಸವೇ ಇಲ್ಲ, ಬ್ರೇಕಿಗೂ ಕೆಲಸವಿಲ್ಲ. ವಾರಕ್ಕೆ ಒಂದು ದಿನವಾದರೂ ಕೊಂಡಜ್ಜಿ ಕಡೆಯ ಗುಡ್ಡಕ್ಕೆ ಹೋಗಿ. ಅಲ್ಲಿಯ ಮಣ್ಣುದಾರಿಯಲ್ಲಿ ಒಂದೇ ಏರನ್ನು ಮತ್ತೆ ಮತ್ತೆ ಹತ್ತಿ ಇಳಿಯಿರಿ.

ಹರಿಹರದಿಂದ

ಮೇಲಿನವರು ಹೇಳಿದ್ದು ಏರಿಗೆ ಸರಿ. ಇಳಿಜಾರಿಗೆ ಒಪ್ಪಲ್ಲ, ಅಲ್ಲಿ ನಿಧಾನದವನನ್ನು ಮುಂದೆ ಬಿಡಬೇಡಿ. ದಾರಿ ಓದಲು ಬರುವವರು ಮುಂದೆ ಹೋಗಿ ಚಕ್ರ ಎಲ್ಲಿ ಹಾಯಬೇಕು ಅನ್ನುವ ಗೆರೆ ತೋರಿಸಬೇಕು. ಉಳಿದವರು ಕೆಲವು ಬೈಕ್ ಉದ್ದ ಬಿಟ್ಟು ಅದೇ ಗೆರೆಯಲ್ಲಿ ಬರಬೇಕು. ಸೀಟು ತಗ್ಗಿಸಿ, ಸೊಂಟ ಹಿಂದೆ ಹಾಕಿ, ಬ್ರೇಕ್ ಮೇಲೆ ಒಂದೇ ಬೆರಳು. ಮುಂದಿನವರು "ಕಲ್ಲು", "ಮರಳು" ಅಂತ ಕೂಗಿದರೆ ಸಾಕು, ಭಾಷಣ ಬೇಡ.

ಚಳ್ಳಕೆರೆಯಿಂದ

ನಾನು ಮುಳ್ಳಿನ ಬಗ್ಗೆ ಮಾತ್ರ ಬರೆಯುತ್ತೇನೆ. ನಮ್ಮ ಕಡೆ ಜಾಲಿ ಮುಳ್ಳು, ನೆಗ್ಗಿಲು ಮುಳ್ಳು ಎರಡೂ ಉಂಟು. ಜಾಲಿ ಮುಳ್ಳು ಕಣ್ಣಿಗಾದರೂ ಕಾಣುತ್ತದೆ. ನೆಗ್ಗಿಲು ಕಾಣಲ್ಲ. ಸಾದಾ ಟ್ಯೂಬ್ ಹಾಕಿಕೊಂಡು ಬಂದರೆ ಮೂವರ ಆರು ಚಕ್ರಗಳಲ್ಲಿ ಒಂದಾದರೂ ಕುಳಿತೇ ಕುಳಿತುಕೊಳ್ಳುತ್ತದೆ. ಒಬ್ಬರದು ಕುಳಿತರೆ ಮೂವರೂ ನಿಂತಹಾಗೆ.

ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿಸಿ. ನಮ್ಮ ಬಿಸಿಲಿಗೆ ಸೀಲೆಂಟ್ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ, ರೇಸಿನ ಹಿಂದಿನ ವಾರ ಹೊಸದಾಗಿ ಹಾಕಿಸಿ. ಮುಳ್ಳು ಚುಚ್ಚಿದರೂ ಗಾಳಿ ನಿಂತಿದ್ದರೆ ಅದನ್ನು ಕೀಳಬೇಡಿ, ಹಾಗೇ ಓಡಿಸಿ. ಕಿತ್ತರೆ ಆ ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಹಿಡಿಯಿರಿ, ಸೀಲೆಂಟ್ ಹರಿದು ಮುಚ್ಚಿಕೊಳ್ಳುತ್ತದೆ. ಟೈರ್ ಪಕ್ಕ ಹರಿದರೆ ಮಾತ್ರ ಟ್ಯೂಬ್ ಬೇಕು. ಆ ಟ್ಯೂಬ್ ಹಾಕುವ ಮುನ್ನ ಟೈರಿನ ಒಳಗೆ ಕೈಯಾಡಿಸಿ, ಹಳೆಯ ಮುಳ್ಳಿನ ತುದಿಗಳು ಅಲ್ಲೇ ಇರುತ್ತವೆ.

ಮೂವರಿಗೂ ಒಂದೇ ಪಂಪು, ಒಂದೇ ಮಲ್ಟಿಟೂಲ್ ಸಾಕು. ಚಕ್ರದ ಅಳತೆ ಒಂದೇ ಇದ್ದರೆ ಟ್ಯೂಬ್ ಕೂಡ ಹಂಚಿಕೊಳ್ಳಬಹುದು. ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿಸುವ ತುಂಡು) ಮಾತ್ರ ಹಂಚಿಕೊಳ್ಳಲು ಆಗಲ್ಲ, ಒಂದೊಂದು ಬೈಕಿಗೆ ಒಂದೊಂದು ಥರ. ತುಂಡಾದ ಚೈನ್ ಜೋಡಿಸುವ ಕ್ವಿಕ್ ಲಿಂಕ್ ಕೂಡ ಅಷ್ಟೇ, ಹಿಂದೆ 9 ಗೇರ್ ಇರುವ ಬೈಕಿನದು 12 ಗೇರಿನದಕ್ಕೆ ಕೂರಲ್ಲ. ಇವೆರಡನ್ನು ಅವರವರೇ ಇಟ್ಟುಕೊಳ್ಳಲಿ.

ದಾವಣಗೆರೆಯಿಂದ, ಇನ್ನೊಬ್ಬರು

ನಾನು ಇನ್ನಿಬ್ಬರು ಹೆಂಗಸರ ಜೊತೆ ಓಡಿಸಿದ್ದೇನೆ. ನಮ್ಮಲ್ಲಿ ಜಗಳ ಆಗಿದ್ದು ವೇಗಕ್ಕಲ್ಲ, ಊಟಕ್ಕೆ. ಒಬ್ಬಳು "ಹಸಿವಿಲ್ಲ" ಅಂತ ಏನೂ ತಿನ್ನದೆ ಬಂದಳು, ಕೊನೆಯ ಗುಡ್ಡದ ಬುಡದಲ್ಲಿ ಕುಳಿತುಬಿಟ್ಟಳು. ಆಮೇಲೆ ಎಷ್ಟು ತಿನ್ನಿಸಿದರೂ ಕಾಲು ಏಳಲಿಲ್ಲ. ಅಂದಿನಿಂದ ನಮ್ಮಲ್ಲಿ ಒಬ್ಬರ ವಾಚು ಅರ್ಧ ಗಂಟೆಗೊಮ್ಮೆ ಕೂಗುತ್ತದೆ. ಕೂಗಿದಾಗ ಮೂವರೂ ತಿನ್ನಬೇಕು, ಕುಡಿಯಬೇಕು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಅಂತಾರೆ. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಲೆಕ್ಕ ನೀವೇ ಹಾಕಿ. ಶೇಂಗಾ ಚಿಕ್ಕಿ ರುಚಿ ನಿಜ, ಆದರೆ ಎಣ್ಣೆಯಂಶ ಜಾಸ್ತಿ, ಏರಿನಲ್ಲಿ ಹೊಟ್ಟೆ ಭಾರ. ಖರ್ಜೂರ, ಬೆಲ್ಲ ಸುಲಭ. ನೀರಿಗೆ ಉಪ್ಪು, ನಿಂಬೆಹಣ್ಣು ಹಾಕಿ. ಬೆಣ್ಣೆ ದೋಸೆ ರೇಸ್ ಮುಗಿದ ಮೇಲೆ, ಬೆಳಿಗ್ಗೆ ಬೇಡವೇ ಬೇಡ.

ಸುಗ್ಗಿ ಹೊತ್ತಿಗೆ ಅಭ್ಯಾಸ ಮಾಡುವುದಾದರೆ ಹಳ್ಳಿ ರಸ್ತೆಗಳಲ್ಲಿ ಒಣಹಾಕಿದ ಮೆಕ್ಕೆಜೋಳ ನೋಡಿಕೊಳ್ಳಿ. ಅದರ ಮೇಲೆ ಬ್ರೇಕ್ ಹಿಡಿದರೆ ಮುಗಿಯಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಏರಿಗೆ ಅವನು ಮುಂದೆ, ಇಳಿಜಾರಿಗೆ ನಾನು ಅಂತ ಮಾತಾಯಿತು. ಒಂದು ಭಾನುವಾರ ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡ ಹತ್ತೋಣ ಅಂತಿದ್ದೇವೆ, ಆಗುತ್ತಾ?

ಚಿತ್ರದುರ್ಗದಿಂದ

ಏರು ಏನೋ ಚೆನ್ನಾಗಿದೆ. ಆದರೆ ಅದು ವನ್ಯಧಾಮ, ಕರಡಿ, ಚಿರತೆ ಇವೆ. ಸೈಕಲ್ ಬಿಡುತ್ತಾರಾ, ಎಷ್ಟು ಹೊತ್ತಿನವರೆಗೆ ಅಂತ ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿಕೊಂಡು ಬನ್ನಿ. ಬಿಟ್ಟರೂ ರಸ್ತೆ ಬಿಟ್ಟು ಒಳಗೆ ಇಳಿಯಬೇಡಿ. ಬಿಡದಿದ್ದರೆ ಇಲ್ಲೇ ಚಂದ್ರವಳ್ಳಿಯ ಕೆರೆ, ಗುಹೆ ನೋಡಿಕೊಂಡು ಹೋದರಾಯಿತು. ಹೊರಡುವ ಹಿಂದಿನ ದಿನ ಇಲ್ಲೇ ಒಂದು ಸಾಲು ಬರೆಯಿರಿ, ನಾವೂ ಇಬ್ಬರು ಜೊತೆಗೆ ಬರುತ್ತೇವೆ.