ಸ್ಟ್ರೋಕ್ ಆದ ಅಪ್ಪಾಜಿ ಕೈಕಾಲು: ನಾವು ಆಡಿಸ್ತಾ ಇರಬೇಕಾ, ಅವರೇ ಆಡಿಸಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ತುಮಕೂರು ಕಡೆಯವರು. ನಮ್ಮ ಅಪ್ಪಾಜಿಗೆ 64 ವರ್ಷ. ಎರಡು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸ್ವಾಧೀನ ತಪ್ಪಿತು. ಮಾತು ಪರವಾಗಿಲ್ಲ. ಡಿಸ್ಚಾರ್ಜ್ ಮಾಡುವಾಗ ‘ಪ್ಯಾಸಿವ್ ಎಕ್ಸರ್‌ಸೈಜ್ ಮಾಡಿಸ್ತಾ ಇರಿ’ ಅಂದರು, ಅಷ್ಟೇ. ಬೆಳಗ್ಗೆ ಸಂಜೆ ಅರ್ಧ ಗಂಟೆ ನಾನೂ ಅಮ್ಮನೂ ಕೈಕಾಲು ಮಡಚಿ ಬಿಡಿಸ್ತೀವಿ, ಅಪ್ಪಾಜಿ ಕಣ್ಣು ಮುಚ್ಕೊಂಡು ಮಲಗಿರ್ತಾರೆ. ಮಂಡಿ ಈಗೀಗ ಹಾಸಿಗೆ ಮೇಲೆ ಸ್ವಲ್ಪ ತಾವೇ ಮಡಚ್ತಾರೆ. ಕೈ ಮಾತ್ರ ಏನೂ ಸುಧಾರಿಸಿಲ್ಲ, ಭುಜ ನೋವು ಬೇರೆ. ಇನ್ನೂ ಜಾಸ್ತಿ ಹೊತ್ತು ಮಾಡಿಸಿದರೆ ಶಕ್ತಿ ಬರುತ್ತಾ?

ಉತ್ತರ (ಫಿಸಿಯೋಥೆರಪಿಸ್ಟ್): ಹೊತ್ತು ಜಾಸ್ತಿ ಮಾಡೋದು ಬೇಡಮ್ಮ. ಮೊದಲು ಅಪ್ಪಾಜಿ ಕಣ್ಣು ಬಿಡಲಿ.

ನೀವು ಮಾಡಿಸ್ತಿರೋದು ದಂಡ ಅಲ್ಲ. ಎರಡು ತಿಂಗಳು ಅಲ್ಲಾಡದೆ ಬಿದ್ದಿದ್ದರೆ ಮೊಣಕೈ, ಬೆರಳು, ಪಾದ ಎಲ್ಲ ಬಿಗಿದು ಸೊಟ್ಟಗೆ ನಿಂತುಬಿಡೋವು. ಆಮೇಲೆ ಸ್ನಾಯುವಿಗೆ ಜೀವ ಬಂದರೂ ಕೀಲು ಬಿಡೋದಿಲ್ಲ. ಅದನ್ನ ನೀವು ತಡೆದಿದ್ದೀರಿ. ಆದರೆ ಪ್ಯಾಸಿವ್‌ನಲ್ಲಿ ಆಗೋದು ಅಷ್ಟೇ. ಬೇರೆಯವರು ಮಡಚುವಾಗ ಅವರ ಸ್ನಾಯು ಕೆಲಸ ಮಾಡಲ್ಲ, ಹಾಗಾಗಿ ಬಲ ಬರಲ್ಲ. ಬಲ ಬರೋದು ಅವರೇ ಪ್ರಯತ್ನಪಟ್ಟಾಗ, ಅದು ಆ್ಯಕ್ಟಿವ್.

ಸ್ನಾಯುಬಲವನ್ನ ನಾವು 0ಯಿಂದ 5ರವರೆಗೆ ಅಳೀತೀವಿ. 0 ಅಂದರೆ ಮಿಸುಕಾಟವೇ ಇಲ್ಲ. 1 ಅಂದರೆ ಬೆರಳಿಟ್ಟು ನೋಡಿದರೆ ಒಳಗೆ ಸಣ್ಣಗೆ ಬಿಗಿಯೋದು ಗೊತ್ತಾಗುತ್ತೆ, ಕೀಲು ಆಡಲ್ಲ. 2 ಅಂದರೆ ಮೇಲಕ್ಕೆ ಎತ್ತೋಕೆ ಆಗದಿದ್ದರೂ ಭಾರಕ್ಕೆ ಆಸರೆ ಕೊಟ್ಟರೆ ಆಡುತ್ತೆ. ಮಂಡಿ ತಾವೇ ಮಡಚ್ತಾರೆ ಅಂದಿರಲ್ಲ, ಅಂದಮೇಲೆ ಕಾಲು 0 ದಾಟಿ ಮುಂದೆ ಬಂದಿದೆ. ಅಂಥ ಕಾಲನ್ನ ಇನ್ನೂ ನೀವೇ ಪೂರ್ತಿ ಆಡಿಸಿದರೆ ಅವರ ಪಾಲಿನ ಕೆಲಸ ಕಸಿದುಕೊಂಡ ಹಾಗೆ. ಪ್ರೀತಿಗೆ ಮಾಡ್ತೀರಿ ಅಂತ ಗೊತ್ತು, ಆದರೂ ಹೇಳಲೇಬೇಕು. ಎಡಕ್ಕೆ ಮಗ್ಗುಲಾಗಿಸಿ, ಬಲಗಾಲಿನ ಕೆಳಗೆ ದಿಂಬಿಟ್ಟು, ‘ನೀವೇ ಮಡಚಿ’ ಅನ್ನಿ. ಎಲ್ಲಿ ನಿಲ್ಲುತ್ತೋ ಅಲ್ಲಿಂದ ಮುಂದಕ್ಕೆ ಮಾತ್ರ ನಿಮ್ಮ ಕೈ ಸೇರಲಿ. ಉಸಿರು ಬಿಗಿ ಹಿಡಿಯೋದು ಬೇಡ, ಬಿಪಿ ಏರುತ್ತೆ.

ಈಗ ಕೈ. ಮನೆಯಲ್ಲಿ ಹಳೇ ಕೇರಂ ಬೋರ್ಡ್ ಇದೆಯಾ? ಅಪ್ಪಾಜಿಯನ್ನ ಕುರ್ಚಿ ಮೇಲೆ ಕೂರಿಸಿ, ಬೋರ್ಡನ್ನ ಮೇಜಿನ ಮೇಲಿಟ್ಟು, ಟಾಲ್ಕಂ ಪೌಡರ್ ಉದುರಿಸಿ, ಬಲಗೈ ಅದರ ಮೇಲಿಡಿ. ಭಾರ ಹೊರೋದೂ ಇಲ್ಲ, ತಿಕ್ಕಾಟವೂ ಇಲ್ಲ, ಸ್ವಲ್ಪ ಬಲ ಇದ್ದರೂ ಜಾರುತ್ತೆ. ಎದುರಿಗೆ ಲೋಟ ಇಟ್ಟು ‘ಮುಟ್ಟಿ’ ಅನ್ನಿ. ಬರೀ ‘ಕೈ ಆಡಿಸಿ’ ಅನ್ನೋದಕ್ಕಿಂತ ಒಂದು ಗುರಿ ಇದ್ದರೆ ಮೆದುಳು ಚೆನ್ನಾಗಿ ಕಲಿಯುತ್ತೆ. ಒಂದಿಷ್ಟೂ ಜಾರದಿದ್ದರೆ ನೀವು ನಿಧಾನಕ್ಕೆ ಜಾರಿಸಿ, ಆದರೆ ಅವರು ಕೈಯನ್ನ ನೋಡ್ತಾ ‘ನಾನೇ ತಳ್ತಿದೀನಿ’ ಅಂತ ಮನಸ್ಸಿಟ್ಟು ಯತ್ನಿಸ್ತಿರಬೇಕು. ಕನ್ನಡಿ ಚಿಕಿತ್ಸೆ ಅಂತಲೂ ಇದೆ: ಮಧ್ಯೆ ನಿಲ್ಲಿಸಿದ ಕನ್ನಡಿಯಲ್ಲಿ ಒಳ್ಳೇ ಕೈ ಆಡೋದನ್ನ ನೋಡಿದರೆ ಬಿದ್ದ ಕೈಯೇ ಆಡಿದಂತೆ ಕಾಣುತ್ತೆ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಇದನ್ನ 1990ರ ದಶಕದಲ್ಲಿ ಕೈ ಕಳಕೊಂಡವರ ನೋವಿಗೆ ಬಳಸಿದರು, ಆಮೇಲೆ ಸ್ಟ್ರೋಕ್‌ಗೂ ಬಂತು.

ಭುಜದ ನೋವನ್ನ ಮಾತ್ರ ಹಗುರವಾಗಿ ತಗೋಬೇಡಿ. ಸ್ನಾಯು ಸಡಿಲವಾದಾಗ ತೋಳಿನ ಮೂಳೆ ಗೂಡಿನಿಂದ ಕೆಳಕ್ಕೆ ಜಾರಿರಬಹುದು. ಆ ಸ್ಥಿತಿಯಲ್ಲಿ ಕೈಯನ್ನ ತಲೆ ಮೇಲೆ ಎಳೆದು ಎತ್ತಿದರೆ ಒಳಗೆ ಪೆಟ್ಟಾಗುತ್ತೆ. ಫಿಸಿಯೋ ಒಬ್ಬರು ಎದುರಿಗೆ ನಿಂತು ಹೇಳಿಕೊಡುವ ತನಕ ಭುಜದ ಮಟ್ಟಕ್ಕಿಂತ ಮೇಲೆ ಎತ್ತಬೇಡಿ. ರಾಟೆ ಹಗ್ಗ ಕಟ್ಟಿ ಎಳೆಸೋದು ಬೇಡವೇ ಬೇಡ. ಎಬ್ಬಿಸುವಾಗ ರಟ್ಟೆ ಹಿಡಿದು, ಕಂಕುಳಿಗೆ ಕೈ ಹಾಕಿ ಎಳೀತಾರೆ ಎಲ್ಲರೂ. ಹಾಗೆ ಎಳೀಬೇಡಿ ಅಂತ ದಯವಿಟ್ಟು ಮನೆಯವರಿಗೆಲ್ಲ ಹೇಳಿ. ಕೂತಾಗ ಕೈ ಜೋತುಬೀಳದಂತೆ ತೊಡೆ ಮೇಲೆ ದಿಂಬು.

ಇನ್ನೊಬ್ಬರ ಪ್ರಶ್ನೆ: ಮೇಡಂ, ಇಲ್ಲೇ ಕೇಳ್ತೀನಿ. ನಮ್ಮತ್ತೆಗೆ ಮಂಡಿ ಚಿಪ್ಪು ಬದಲಾಯಿಸಿದ್ದಾರೆ. ಕಾಲನ್ನ ತಾನೇ ಮಡಚೋ ಮೆಷಿನ್ ಬಾಡಿಗೆಗೆ ತರಬೇಕಾ?

ಉತ್ತರ: ಅದು ಸಿಪಿಎಂ, ಪ್ಯಾಸಿವ್ ಮೆಷಿನ್. ಕೆನಡಾದ ಮೂಳೆ ಸರ್ಜನ್ ರಾಬರ್ಟ್ ಸಾಲ್ಟರ್ ಅವರ ಯೋಚನೆ. ಒಂದು ಕಾಲಕ್ಕೆ ಬಹಳ ನಡೀತು. ಆಮೇಲಿನ ಅಧ್ಯಯನಗಳಲ್ಲಿ ಸಾಮಾನ್ಯ ವ್ಯಾಯಾಮದ ಜೊತೆ ಅದನ್ನ ಸೇರಿಸಿದ್ದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಸರ್ಜನ್ ಬೇಕೇ ಬೇಕು ಅಂದಿಲ್ಲದಿದ್ದರೆ ಆ ದುಡ್ಡು ಉಳಿಸಿ. ಪಾದ ಮೇಲೆ ಕೆಳಗೆ ಆಡಿಸೋದು, ಮಂಡಿಯನ್ನ ಹಾಸಿಗೆಗೆ ಒತ್ತಿ ತೊಡೆ ಬಿಗಿಹಿಡಿಯೋದು, ವಾಕರ್ ಹಿಡಿದು ನಡೆಯೋದು, ಇವನ್ನ ಅವರೇ ಮಾಡಲಿ. ಮೀನಖಂಡ ಊದಿ, ಬಿಸಿಯಾಗಿ, ನೋವಾದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ರಕ್ತ ಹೆಪ್ಪುಗಟ್ಟಿರಬಹುದು.

ಮೊದಲು ಕೇಳಿದವರು (ನಾಲ್ಕು ದಿನದ ನಂತರ): ಮೇಡಂ, ಪಕ್ಕದ ಮನೆಯ ಕೇರಂ ಬೋರ್ಡ್ ತಂದ್ವಿ. ಮೊದಲೆರಡು ದಿನ ಏನೂ ಇಲ್ಲ. ಇವತ್ತು ಪೌಡರ್ ಮೇಲೆ ನಾಲ್ಕು ಬೆರಳಿನ ಗೆರೆ ಮೂಡಿತು, ಒಂದು ಗೇಣೂ ಇಲ್ಲ, ಆದರೂ ಅಮ್ಮ ಅದನ್ನ ಒರೆಸೋಕೆ ಬಿಡ್ತಿಲ್ಲ. ಆದರೆ ಕೈಯನ್ನ ಹತ್ತಿರಕ್ಕೆ ಎಳ್ಕೊಳ್ತಾರೆ, ಮುಂದಕ್ಕೆ ತಳ್ಳೋಕೆ ಬರ್ತಿಲ್ಲ. ಬೆರಳೂ ಮುಷ್ಟಿ ಕಟ್ಟುತ್ತೆ. ಸ್ಪಂಜ್ ಬಾಲ್ ಹಿಸುಕಿಸಿ ಅಂತ ಮಾವ ಹೇಳ್ತಾರೆ.

ಉತ್ತರ: ಓದಿ ಬಹಳ ಸಂತೋಷ ಆಯ್ತು. ಸ್ಟ್ರೋಕ್‌ನಲ್ಲಿ ಸಾಮಾನ್ಯವಾಗಿ ಮಡಚೋದು ಮೊದಲು ಬರುತ್ತೆ, ಬಿಡಿಸೋದು ತಡ. ಹಾಗಾಗಿ ಬಾಲ್ ಈಗ ಬೇಡ. ಮುಚ್ಚೋಕೆ ಅವರಿಗೆ ಬರುತ್ತೆ, ಕಲೀಬೇಕಾಗಿರೋದು ಬಿಚ್ಚೋದು. ಮಾವನವರಿಗೆ ನನ್ನ ಹೆಸರು ಹೇಳಿ, ಬೇಜಾರಾಗಲ್ಲ.

ಮುಂದಕ್ಕೆ ಹೋಗುವಾಗ ಮೊಣಕೈ ಹಿಂದೆ ನಿಮ್ಮ ಅಂಗೈ ಇಟ್ಟು ಸ್ವಲ್ಪವೇ ನೆರವು ಕೊಡಿ. ಅಲ್ಲಿ ಮುಟ್ಟಿದ ಮೇಲೆ ‘ಜಾರದಂತೆ ಹಿಡ್ಕೊಳ್ಳಿ’ ಅಂತ ಐದು ಎಣಿಸಿ. ಒಮ್ಮೆಗೆ ಎಂಟು ಹತ್ತು ಸಲ ಸಾಕು, ಸುಸ್ತಾದರೆ ಬಿಡಿ, ದಿನಕ್ಕೆ ಮೂರ್ನಾಲ್ಕು ಸರ್ತಿ ಮಾಡಿಸಿ. ಬೆರಳುಗಳನ್ನ ಬಿಡಿಸೋ ಪ್ಯಾಸಿವ್ ನಿಲ್ಲಿಸಬೇಡಿ. ಮೊದಲು ಮಣಿಕಟ್ಟು ಒಳಕ್ಕೆ ಬಗ್ಗಿಸಿ, ಆಗ ಮುಷ್ಟಿ ತಾನೇ ಸಡಿಲಾಗುತ್ತೆ, ಆಮೇಲೆ ಹೆಬ್ಬೆರಳ ಬುಡ ಹಿಡಿದು ಬಿಡಿಸಿ. ಇಷ್ಟರಲ್ಲಿ ಒಂದು ಸಲ ಅಪ್ಪಾಜಿ ಭುಜವನ್ನ ಹತ್ತಿರದ ಫಿಸಿಯೋ ಕೈಲಿ ಮುಟ್ಟಿಸಿ ನೋಡಿಸಿ, ಅದು ಫೋನಲ್ಲಿ ಆಗೋ ಕೆಲಸ ಅಲ್ಲ.